ಭಾನುವಾರದ ಚಾದರ

ಗುರುವಾರ ಸಂಜೆ ಚರ್ಚಿನ ಐದು ಮಂದಿ ಸಭಾಹಿರಿಯರು ಸೇರಿ ಇಸ್ತ್ರಿಯಕ್ಕನ ಕೈಯಿಂದ ಕರ್ತನ ಭೋಜನದ ಬಿಲ್ಲೆಯನ್ನು ವಾಪಸು ತೆಗೆದುಕೊಂಡರು. ಭಾನುವಾರ ಹನ್ನೊಂದು ಗಂಟೆ ಇಪ್ಪತ್ತು ನಿಮಿಷಕ್ಕೆ ಅವಳ ಮಹಡಿಯ ತಂತಿಯ ಮೇಲೆ ಒಗೆದ ಚಾದರವೊಂದು ಒಣಗುತ್ತಿತ್ತು ಎಂದು ದಾಖಲೆ ಪುಸ್ತಕದಲ್ಲಿ ಬರೆದರು.

ಬಿಲ್ಲೆ ಎಂದರೆ ಕೋಟಿನ ಗುಂಡಿಯಷ್ಟಗಲದ ಹಿತ್ತಾಳೆ ತುಂಡು. ಒಂದು ಮಗ್ಗುಲಲ್ಲಿ ಬಟ್ಟಲಿನ ಚಿತ್ರ, ಇನ್ನೊಂದು ಮಗ್ಗುಲು ಸವೆದು ನುಣ್ಣಗೆ. ಆ ಸಭೆಯಲ್ಲಿ ಅಜ್ಜಂದಿರ ಕಾಲದಿಂದ ಬಂದ ಪದ್ಧತಿ ಅದು. ತಿಂಗಳ ಮೊದಲ ಭಾನುವಾರ ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚುವ ಕರ್ತನ ಭೋಜನ. ಅದಕ್ಕೆ ಮುಂಚಿನ ವಾರ ಹಿರಿಯರೊಬ್ಬರು ಮನೆಮನೆಗೆ ಹೋಗಿ, ನಡತೆ ಸರಿಯಿದ್ದವರ ಅಂಗೈಗೆ ಒಂದೊಂದು ಬಿಲ್ಲೆ ಹಾಕುತ್ತಾರೆ. ಭಾನುವಾರ ಅದನ್ನು ತಟ್ಟೆಗೆ ಹಾಕಿದವರಿಗೆ ರೊಟ್ಟಿಯ ಚೂರು ಮತ್ತು ಬಟ್ಟಲು. ಹಾಕದವರು ಬೆಂಚಿನಲ್ಲಿ ಕೂತು ಮಿಕ್ಕವರ ಗಂಟಲು ಏರಿಳಿಯುವುದನ್ನು ನೋಡಬೇಕು. ಹದಿನಾರನೇ ವಯಸ್ಸಿನಿಂದ ಐವತ್ತೆರಡರವರೆಗೆ ಇಸ್ತ್ರಿಯಕ್ಕ ಒಂದೇ ಒಂದು ತಿಂಗಳು ಹಾಗೆ ನೋಡುತ್ತ ಕೂತವಳಲ್ಲ. ಹೆರಿಗೆಯಾದ ಎಂಟನೇ ದಿನ ಕೂಡ ಗಂಡನ ತೋಳು ಹಿಡಿದುಕೊಂಡು ಬಂದು ಬಿಲ್ಲೆ ಹಾಕಿದ್ದಳು. ವಾರವಿಡೀ ಊರಿನ ಕೊಳೆಯಲ್ಲಿ ಮುಳುಗಿದ ಕೈಗೆ ತಿಂಗಳಿಗೊಮ್ಮೆ ಸಿಗುವ ಆ ಚೂರು ರೊಟ್ಟಿ ಏನು ಎಂಬುದು ಅವಳಿಗೂ ದೇವರಿಗೂ ಗೊತ್ತು.

ದೂರು ತಂದವರು ಗಡಿಯಾರದ ಹಿರಿಯರು. ಕೈಗಡಿಯಾರ ರಿಪೇರಿ ಅವರ ಕಸುಬು. ಎಡಗಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡರೆ ಸಾಸಿವೆಗಿಂತ ಸಣ್ಣ ತಿರುಪೂ ಅವರ ಕೈ ತಪ್ಪಿಸಿಕೊಳ್ಳಲಾರದು. ಆ ಭಾನುವಾರ ಆರಾಧನೆ ಮುಗಿಸಿ ಮೆಟ್ಟಿಲಿಳಿಯುವಾಗ ಎದುರಿನ ಮಹಡಿಯಲ್ಲಿ ಬಿಳಿ ಚಾದರ ಹಾರಾಡುವುದನ್ನು ಕಂಡರು. ಗಡಿಯಾರ ನೋಡಿದರು. ಸೀದಾ ಏಣಿ ಹತ್ತಿ ಹೋಗಿ ಕ್ಲಿಪ್ಪು ತೆಗೆದು, ಇನ್ನೂ ತೇವವಿದ್ದ ಚಾದರವನ್ನು ಮಡಚಿ ಕಂಕುಳಲ್ಲಿಟ್ಟುಕೊಂಡು ಬಂದು ಸಭೆಯ ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಸಾಕ್ಷಿ.

ಗುರುವಾರ ಆ ಸಾಕ್ಷಿ ಮೇಜಿನ ಮೇಲೆ ಬಂತು. ಒಣಗದೆ ಮಡಚಿಟ್ಟದ್ದರಿಂದ ಮುಗ್ಗಲು ವಾಸನೆ ಹಿಡಿದಿತ್ತು. ಇಸ್ತ್ರಿಯಕ್ಕನಿಗೆ ಮೊದಲು ಸಿಟ್ಟು ಬಂದದ್ದೇ ಅದಕ್ಕೆ.

"ಇದು ನೀನು ಒಗೆದದ್ದಾ?" ಎಂದು ಗಡಿಯಾರದ ಹಿರಿಯರು ಕೇಳಿದರು.

"ಹೌದು ಹಿರಿಯರೇ. ಒಗೆದದ್ದು ನಾನೇ, ಮುಗ್ಗಲು ಹಿಡಿಸಿದ್ದು ಮಾತ್ರ ನಾನಲ್ಲ."

ಬೇಕರಿಯ ಹಿರಿಯರು ಮೂಗು ಒರೆಸುವ ನೆಪದಲ್ಲಿ ನಗು ಮುಚ್ಚಿಕೊಂಡರು.

"ಭಾನುವಾರ ಒಗೆದದ್ದಾ?"

"ಭಾನುವಾರವೇ."

"ನಾಲ್ಕನೇ ಆಜ್ಞೆ ಗೊತ್ತಾ?"

"ಗೊತ್ತು. ಸಬ್ಬತ್ತಿನ ವಿಶ್ರಾಂತಿ ದಿನಾನ ಪರಿಶುದ್ಧವಾಗಿ ಇಟ್ಟುಕೋ ಅಂತ. ಶನಿವಾರ ಸಂಜೆಗೆ ಹಂಡೆ ಬೋರಲು ಹಾಕ್ತೀನಿ, ಇಸ್ತ್ರಿ ಪೆಟ್ಟಿಗೆ ಮುಟ್ಟಲ್ಲ. ಇದೊಂದೇ ಚಾದರ."

"ಯಾರದ್ದು ಇದು?"

ಇಸ್ತ್ರಿಯಕ್ಕ ನೆಲ ನೋಡಿದಳು. "ಹೇಳಲ್ಲ."

"ಯಾಕೆ ಹೇಳಲ್ಲ?"

"ಮಾತು ಕೊಟ್ಟಿದ್ದೀನಿ. ಯಾರದೋ ಹೆಸರು ಹೇಳಿ ತಪ್ಪಿಸಿಕೊಳ್ಳೋಣ ಅಂದ್ರೆ ಸುಳ್ಳುಸಾಕ್ಷಿ ಹೇಳಬೇಡ ಅಂತ ಒಂಬತ್ತನೇದು ಅಡ್ಡ ಬರುತ್ತೆ. ಅದಕ್ಕೇ ಬಾಯಿ ಮುಚ್ಚಿಕೊಂಡಿದ್ದೀನಿ."

ಪಾಸ್ಟರು ಊರಿಗೆ ಬಂದು ಇನ್ನೂ ಆರು ತಿಂಗಳಾಗಿರಲಿಲ್ಲ. ಮೆಲ್ಲಗೆ ಕೆಮ್ಮಿ ಹೇಳಿದರು. "ಸಬ್ಬತ್ ದಿನ ಬಾವಿಗೆ ಬಿದ್ದ ಎತ್ತನ್ನ ಮೇಲೆತ್ತದೆ ಇರ್ತೀರಾ ಅಂತ ನಮ್ಮ ಕರ್ತನೇ ಕೇಳಿದ್ದುಂಟಲ್ಲ."

"ಇದು ಚಾದರ ಪಾಸ್ಟರೇ, ಎತ್ತಲ್ಲ," ಎಂದರು ಗಡಿಯಾರದ ಹಿರಿಯರು. ಎತ್ತು ಬಾವಿಯಲ್ಲೇ ಉಳಿಯಿತು.

ಕೊನೆಗೆ ಅವಳ ಮುಂದೆ ಒಂದು ಕಾಗದ ಇಟ್ಟರು. ಇನ್ನು ಮುಂದೆ ಯಾವ ಕಾರಣಕ್ಕೂ, ಯಾರಿಗಾಗಿಯೂ ಭಾನುವಾರ ಬಟ್ಟೆ ಒಗೆಯುವುದಿಲ್ಲ ಎಂದು ಅದರಲ್ಲಿ ಬರೆದಿತ್ತು. ಭಾನುವಾರ ಬೆಳಿಗ್ಗೆ ಆರಾಧನೆಗೆ ಮುಂಚೆ ಸಹಿ ಹಾಕಿ ತಂದರೆ ಬಿಲ್ಲೆ ವಾಪಸು. ಇಲ್ಲದಿದ್ದರೆ ಇಲ್ಲ. ಮಾತು ಕಡ್ಡಿ ಮುರಿದಂತಿತ್ತು.

*

ಆ ಚಾದರ ಗಡಿಯಾರದ ಹಿರಿಯರ ತಾಯಿಯದು.

ಊರಿನ ಪ್ರತಿ ಮನೆಯ ಬಟ್ಟೆಗೂ ಇಸ್ತ್ರಿಯಕ್ಕ ಮೂಲೆಯಲ್ಲಿ ಅಳಿಸಲಾಗದ ಶಾಯಿಯಿಂದ ಗುರುತು ಹಾಕುತ್ತಾಳೆ. ಬೇಕರಿಯವರದು ಎರಡು ಗೀಟು, ಪಾಸ್ಟರದು ಒಂದು ಶಿಲುಬೆ, ಗಡಿಯಾರದವರದು ಸಣ್ಣ ಸುತ್ತಿನೊಳಗೆ ಚುಕ್ಕಿ. ಗುರುವಾರ ಆ ಸುತ್ತು ಮತ್ತು ಚುಕ್ಕಿ ಮೇಜಿನ ಮೇಲೆ ಹಿರಿಯರ ಮೊಣಕೈಗೆ ತಾಗಿಕೊಂಡೇ ಇತ್ತು. ಆದರೆ ಹುಟ್ಟಿದಾಗಿನಿಂದ ಒಂದು ಕರವಸ್ತ್ರವನ್ನೂ ತಾನಾಗಿ ಒಗೆಯಲು ಹಾಕದ ಗಂಡಸಿಗೆ ತನ್ನ ಮನೆಯ ಗುರುತು ಎಲ್ಲಿಂದ ತಿಳಿಯಬೇಕು? ಕೊಳೆಯಾದದ್ದು ಎಲ್ಲಿಗೋ ಹೋಗುತ್ತದೆ, ಬೆಳ್ಳಗಾಗಿ ಎಲ್ಲಿಂದಲೋ ಬರುತ್ತದೆ. ಸೂರ್ಯ ಹುಟ್ಟಿದ ಹಾಗೆ. ಜಗತ್ತಿನ ಅರ್ಧ ಕಾನೂನು ಬರೆದವರು ಇಂಥ ಮನೆಗಳಲ್ಲಿ ಬೆಳೆದವರೇ.

ಅವರ ತಾಯಿಯನ್ನು ಇಸ್ತ್ರಿಯಕ್ಕ ದೊಡ್ಡಮ್ಮ ಎನ್ನುತ್ತಾಳೆ. ನಲವತ್ತು ವರ್ಷ ಭಾನುವಾರದ ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳಿದ ಹೆಂಗಸು. ಹತ್ತು ಬೆರಳಿಗೆ ಹತ್ತು ಆಜ್ಞೆ, ಎಡಗೈ ಹೆಬ್ಬೆರಳಿನಿಂದ ಶುರು. ಒಂದು ಬೆರಳು ತಪ್ಪಿದರೆ ಅಳತೆಪಟ್ಟಿಯಿಂದ ಅದೇ ಬೆರಳಿಗೆ ಏಟು. ಇಸ್ತ್ರಿಯಕ್ಕನೂ ಆ ಏಟು ತಿಂದವಳೇ. ಒಂದು ಭಾನುವಾರ ಎಲ್ಲ ಮಕ್ಕಳೂ ಹತ್ತನ್ನೂ ಒಪ್ಪಿಸಿದ ಮೇಲೆ ದೊಡ್ಡಮ್ಮ ಕೇಳಿದ್ದರು: "ಈಗ ಹೇಳಿ, ಈ ಹತ್ತು ಬೆರಳು ಯಾತಕ್ಕೆ ಅಂಟಿಕೊಂಡಿವೆ?" ಮಕ್ಕಳು ತಮ್ಮ ತಮ್ಮ ಕೈ ತಿರುಗಿಸಿ ನೋಡಿಕೊಂಡರು. "ಅಂಗೈಗೆ ಕಣ್ರೋ. ಅಂಗೈ ಅಂದ್ರೆ ಪ್ರೀತಿ. ಅದಿಲ್ಲದೆ ಬರೀ ಬೆರಳು ಕೊಯ್ದು ಇಟ್ಟುಕೊಂಡರೆ ನಾಯಿ ಕೂಡ ಮೂಸಲ್ಲ."

ಈಗ ದೊಡ್ಡಮ್ಮನಿಗೆ ಎಂಬತ್ತಮೂರು. ಮಂಡಿ ಹಿಡಿದಿದೆ. ಎರಡು ವರ್ಷದಿಂದ ಹಾಸಿಗೆ ಒದ್ದೆಯಾಗುತ್ತದೆ, ದಿನವೂ. ಆ ನಾಚಿಕೆಗೆ ದೇವಾಲಯಕ್ಕೆ ಹೋಗುವುದನ್ನೇ ಬಿಟ್ಟರು. ತಿಂಗಳು ತಿಂಗಳು ಮಗ ಕೊಟ್ಟ ಬಿಲ್ಲೆ ದಿಂಬಿನ ಕೆಳಗೆ ಉಳಿಯುತ್ತದೆ. ಮಗನ ಹತ್ತಿರ ಮಂಡಿನೋವು ಎನ್ನುತ್ತಾರೆ. "ನನ್ನ ಕೈಯಲ್ಲಿ ಏಟು ತಿಂದು ಬೆಳೆದವನು ಅವನು. ಅವನಿಗೆ ಇದು ಗೊತ್ತಾದರೆ ನಾನು ಸತ್ತ ಹಾಗೇ ಲೆಕ್ಕ. ಹೇಳಲ್ಲ ಅಂತ ಮಾತು ಕೊಡು," ಎಂದು ಇಸ್ತ್ರಿಯಕ್ಕನ ಕೈ ಹಿಡಿದುಕೊಂಡಿದ್ದರು. ಸೊಸೆಗೆ ಮಾತ್ರ ಗೊತ್ತು. ಬೆಳಿಗ್ಗೆ ಏಳಕ್ಕೆ ಹಿರಿಯರು ದೇವಾಲಯದ ಗೋಪುರದ ಗಡಿಯಾರಕ್ಕೆ ಕೀ ಕೊಡಲು ಹೊರಟೊಡನೆ ಅವಳು ಹಿತ್ತಲ ಬಾಗಿಲು ತೆಗೆಯುತ್ತಾಳೆ. ಇಸ್ತ್ರಿಯಕ್ಕ ಒಣ ಚಾದರ ಹಾಸಿ, ಒದ್ದೆ ಚಾದರ ಬುಟ್ಟಿಗಿಟ್ಟುಕೊಂಡು ಹೊರಡುತ್ತಾಳೆ. ದೊಡ್ಡಮ್ಮನ ಬಳಿ ಇರುವುದು ನಾಲ್ಕೇ ಚಾದರ. ಹೊಸದು ಕೊಂಡರೆ ಮಗ ಯಾಕೆಂದು ಕೇಳುತ್ತಾನೆ. ಕೆಲವು ದಿನ ಎರಡು ಬೇಕಾಗುತ್ತದೆ, ಒಗೆಯುವುದು ಒಂದು ದಿನ ತಪ್ಪಿದರೂ ಸರಪಳಿ ಕಳಚುತ್ತದೆ. ಈಗ ಅದರಲ್ಲೊಂದು ಸಭೆಯ ಕಪಾಟು ಸೇರಿ ಮೂರಾಯಿತು. ಭಾನುವಾರ ಒಗೆಯಬಾರದೆಂದು ಹಿರಿಯರು ಮಾಡಿದ ಕೆಲಸದಿಂದ ಭಾನುವಾರ ಒಗೆಯದೆ ಗತ್ಯಂತರವಿಲ್ಲ ಎಂಬ ಸ್ಥಿತಿ ಬಂತು.

ಶುಕ್ರವಾರ ಬೆಳಿಗ್ಗೆ ದೊಡ್ಡಮ್ಮ ಕೇಳಿಯೇಬಿಟ್ಟರು. "ನನ್ನ ನಾಲ್ಕನೇ ಚಾದರ ಎಲ್ಲಿ ಹೋಯ್ತೇ?"

"ಕಪಾಟಿನಲ್ಲಿದೆ ದೊಡ್ಡಮ್ಮ."

"ಯಾವ ಕಪಾಟು?"

"ದೊಡ್ಡ ಕಪಾಟು."

ಒಂಬತ್ತನೇ ಆಜ್ಞೆಗೆ ಗೀರು ಕೂಡ ಬೀಳಲಿಲ್ಲ. ಇಸ್ತ್ರಿಯಕ್ಕ ದಡದಡ ಮೆಟ್ಟಿಲಿಳಿದಳು.

*

ಅದೇ ಶುಕ್ರವಾರ ಮಧ್ಯಾಹ್ನ ಸಭೆಯಿಂದ ಒಂದು ಗಂಟು ಬಂತು. ಕರ್ತನ ಭೋಜನದ ಮೇಜುಬಟ್ಟೆ. ಎಂದಿನಂತೆ ಒಗೆದು, ನೀಲಿ ಹಾಕಿ, ಗಂಜಿ ಹಾಕಿ, ಭಾನುವಾರಕ್ಕೆ ತಯಾರಾಗಬೇಕು ಎಂಬ ಚೀಟಿ ಒಳಗಿತ್ತು.

ಇಸ್ತ್ರಿಯಕ್ಕನ ಜೊತೆ ಕೆಲಸ ಮಾಡುವವಳು ಅವಳ ನಾದಿನಿ. ಒದ್ದೆ ಕಂಬಳಿಯನ್ನು ಒಬ್ಬಳೇ ಹಿಂಡುವ ತೋಳು, ಅದಕ್ಕೆ ತಕ್ಕ ನಾಲಿಗೆ. ಚೀಟಿ ಓದಿ ಸೊಂಟಕ್ಕೆ ಕೈಯಿಟ್ಟು ನಿಂತಳು.

"ಅಂದ್ರೆ ಏನು ಅತ್ತಿಗೆ? ಮೇಜಿಗೆ ನೀನು ಬೇಡ, ನಿನ್ನ ಗಂಜಿ ಬೇಕು."

"ಸುಮ್ಮನೆ ಸೋಡಾ ಕಲಸು."

"ಭಾನುವಾರ ಬೆಳಿಗ್ಗೆ ಗೋಪುರ ಹತ್ತಿ ಗಡಿಯಾರಕ್ಕೆ ನೂರು ಸುತ್ತು ಕೀ ಕೊಡ್ತಾರಲ್ಲ, ಅದು ಕೆಲಸ ಅಲ್ವಂತಾ? ಬೇಕರಿಯವರು ಅವತ್ತು ಬೆಳಿಗ್ಗೆನೇ ಒಲೆ ಹಚ್ಚಿ ಮೇಜಿನ ರೊಟ್ಟಿ ಸುಡ್ತಾರಲ್ಲ, ಅದು? ಗಂಡಸರು ಮಾಡಿದರೆ ಸೇವೆ, ನಾವು ಮಾಡಿದರೆ ಪಾಪ. ನಾನಾಗಿದ್ದರೆ ಈ ಬಟ್ಟೇನ ಹಳದಿ ಬಣ್ಣಕ್ಕೆ ತಿರುಗಿಸಿ ಕಳಿಸ್ತಿದ್ದೆ."

"ಅದು ಅವರ ಮೇಜಲ್ಲ ಕಣೇ."

"ಮತ್ತೆ ಯಾರದ್ದು?"

"ಊಟಕ್ಕೆ ಕರೆದ ಕರ್ತನದು." ಇಸ್ತ್ರಿಯಕ್ಕ ಬಟ್ಟೆಯ ಅಂಚಿನ ದ್ರಾಕ್ಷಾರಸದ ಕಲೆಗೆ ಉಪ್ಪು ಉಜ್ಜಿದಳು. "ಬಿಳಿ ಕಮ್ಮಿಯಾದರೆ ಅವನಿಗೆ ಏನು ಅಂತ ಹೇಳಲಿ? ನಿನ್ನ ಹಿರಿಯರ ಮೇಲೆ ಸಿಟ್ಟಿತ್ತು ಅಂತಲಾ?"

"ನಿನ್ನಂಥವರು ಇರೋವರೆಗೂ ಅಂಥವರಿಗೆ ಸುಗ್ಗಿ," ಎಂದು ನಾದಿನಿ ಗೊಣಗುತ್ತ ಸೋಡಾ ಕಲಸಿದಳು. ಆದರೂ ಇಬ್ಬರೂ ಎರಡು ತುದಿ ಹಿಡಿದು ಜಗ್ಗಿ ಇಸ್ತ್ರಿ ಮಾಡುವಾಗ, ಒಂದು ಸುಕ್ಕು ಉಳಿದದ್ದನ್ನು ಮೊದಲು ನೋಡಿದವಳು ಅವಳೇ.

ಶನಿವಾರ ಇಸ್ತ್ರಿಯಕ್ಕ ಕಾಗದ ತೆಗೆದಳು. ಇಸ್ತ್ರಿ ಮೇಜಿನ ಮೇಲೆ ಹರವಿದಳು. ಮುಚ್ಚುಮರೆ ಯಾಕೆ, ಅವಳಿಗೆ ಸಹಿ ಹಾಕುವ ಆಸೆ ಇತ್ತು. ನಾಳೆ ಬೆಂಚಿನಲ್ಲಿ ಬರಿಗೈಯಲ್ಲಿ ಕೂರುವುದನ್ನು ನೆನೆದು ಪೆನ್ನಿನ ಮುಚ್ಚಳ ತೆಗೆದಳು. ಸಹಿ ಹಾಕಿ, ಭಾನುವಾರದ ಚಾದರವನ್ನು ನಾದಿನಿಗೆ ಒಪ್ಪಿಸಿದರೆ? ತನ್ನ ಕೈ ಚೊಕ್ಕ, ಅವಳ ಕೈ ಕೊಳೆ. ಅದು ಸರಿಯಲ್ಲ. ದೊಡ್ಡಮ್ಮ ಒಂದು ದಿನ ಒದ್ದೆಯಲ್ಲೇ ಮಲಗಿದರೆ? ಅದನ್ನು ಪೂರ್ತಿ ಯೋಚಿಸಲೂ ಆಗಲಿಲ್ಲ.

ಆಜ್ಞೆ ಸುಳ್ಳು ಎಂದು ಅವಳಿಗೆ ಒಮ್ಮೆಯೂ ಅನ್ನಿಸಿದ್ದಿಲ್ಲ. ಆರು ದಿನ ಬೆನ್ನು ಬಗ್ಗಿಸಿದವಳಿಗೆ ಏಳನೇ ದಿನದ ವಿಶ್ರಾಂತಿ ಕೊಟ್ಟದ್ದು ಯಜಮಾನರಲ್ಲ, ದೇವರು. ಆ ಬೆರಳನ್ನು ಅವಳು ಯಾರಿಗೂ ಕತ್ತರಿಸಿ ಕೊಡುವುದಿಲ್ಲ. ಸೋಡಾ ತಿಂದು ಬಿರಿದ ಎಡಗೈಯನ್ನು ಕಾಗದದ ಮೇಲೆ ಅಂಗಾತವಲ್ಲ, ಬೋರಲು ಇಟ್ಟು ಎಣಿಸಿದಳು. ಹೆಬ್ಬೆರಳಿನಿಂದ ನಾಲ್ಕನೇದು ಉಂಗುರದ ಬೆರಳು: ಸಬ್ಬತ್ತು. ಐದನೇದು ಕಿರುಬೆರಳು: ತಂದೆತಾಯಿಯನ್ನು ಸನ್ಮಾನಿಸು. ಉಂಗುರದ ಬೆರಳೊಂದನ್ನೇ ಎತ್ತಲು ನೋಡಿದಳು. ಆಗಲಿಲ್ಲ. ಎತ್ತಿದಾಗೆಲ್ಲ ಕಿರುಬೆರಳೂ ಅದರ ಜೊತೆ ಎದ್ದು ಬರುತ್ತಿತ್ತು. ಇನ್ನೊಮ್ಮೆ ಪ್ರಯತ್ನಿಸಿದಳು. ಆಗಲೂ ಹಾಗೆಯೇ. ಒಬ್ಬಳೇ ಕೂತು ನಕ್ಕಳು. ಕಾಗದವನ್ನು ಮಡಚಿ ಅಲುಗಾಡುತ್ತಿದ್ದ ಮೇಜಿನ ಕಾಲಿಗೆ ಒತ್ತು ಕೊಟ್ಟಳು. ಮೇಜು ನೆಟ್ಟಗೆ ನಿಂತಿತು.

ಅವಳಿಗೆ ಗೊತ್ತಿಲ್ಲದ್ದು ಒಂದೇ. ಶನಿವಾರ ಬೆಳಿಗ್ಗೆ ಬೆನ್ನುನೋವೆಂದು ಅವಳು ಮಲಗಿದ್ದಾಗ ಚಾದರ ತರಲು ಹೋದವಳು ನಾದಿನಿ. ನಾದಿನಿ ಯಾರಿಗೂ ಯಾವ ಮಾತನ್ನೂ ಕೊಟ್ಟಿರಲಿಲ್ಲ. ಬಿಲ್ಲೆಯ ಕತೆ, ಕಪಾಟಿನ ಕತೆ ಎಲ್ಲವನ್ನೂ ದೊಡ್ಡಮ್ಮನಿಗೆ ಹೇಳಿ ಬಂದಿದ್ದಳು.

*

ಭಾನುವಾರ ಏಳಕ್ಕೆ ಇಸ್ತ್ರಿಯಕ್ಕ ಬುಟ್ಟಿ ಹಿಡಿದು ಹಿತ್ತಲ ಬಾಗಿಲಿಗೆ ಹೋದರೆ, ದೊಡ್ಡಮ್ಮ ಹಾಸಿಗೆಯ ಮೇಲಿರಲಿಲ್ಲ. ಒಳ್ಳೆಯ ಬಟ್ಟೆ ತೊಟ್ಟು, ತಲೆ ಬಾಚಿ, ಕುರ್ಚಿಯಲ್ಲಿ ಕೂತಿದ್ದರು. ಸೊಸೆ ಪಕ್ಕದಲ್ಲಿ ಉಗುರು ಕಚ್ಚುತ್ತ ನಿಂತಿದ್ದಳು.

"ಬಟ್ಟೆ ಗಾಡಿ ತಗೊಂಡು ಬಾ," ಎಂದರು ದೊಡ್ಡಮ್ಮ. "ಒಳಗೆ ನಾಲ್ಕು ಮಡಿಕೆ ಟವೆಲ್ ಹಾಸು. ನಾನು ದೇವಾಲಯಕ್ಕೆ ಬರ್ತೀನಿ."

"ದೊಡ್ಡಮ್ಮ, ದಾರಿಯಲ್ಲಿ ಏನಾದರೂ..."

"ಆದರೆ ಆಗುತ್ತೆ. ಒಗೆಯೋಕೆ ನೀನಿದ್ದೀಯಲ್ಲ."

ಮೂರು ಗಾಲಿಯ ಬಟ್ಟೆ ಗಾಡಿಯಲ್ಲಿ, ಟವೆಲ್ ಗಂಟುಗಳ ಮೇಲೆ, ದೊಡ್ಡಮ್ಮ ಮದುವಣಗಿತ್ತಿಯ ಹಾಗೆ ಕೂತು ಬೀದಿಗೆ ಬಂದರು. ಇಸ್ತ್ರಿಯಕ್ಕ ಹಿಂದಿನಿಂದ ತಳ್ಳಿದಳು, ನಾದಿನಿ ಮುಂದಿನಿಂದ ಎಳೆದಳು. ಗಾಲಿಯೊಂದು ಕೀಚ್ ಕೀಚ್ ಎಂದು ಊರಿಗೆಲ್ಲ ಸುದ್ದಿ ಹೇಳುತ್ತಿತ್ತು.

"ಮೆಲ್ಲಗೆ ಎಳಿಯೇ ಮಾರಾಯ್ತಿ, ನಾನೇನು ಒದ್ದೆ ಬಟ್ಟೆಯಾ?"

"ದೇವಾಲಯ ಸೇರೋವರೆಗೆ ಆಗದಿದ್ದರೆ ಸಾಕು," ಎಂದಳು ನಾದಿನಿ.

ಇಸ್ತ್ರಿಯಕ್ಕ ಗಾಡಿ ತಳ್ಳುವುದನ್ನೇ ನಿಲ್ಲಿಸಿದಳು. ದೊಡ್ಡಮ್ಮ ಮಾತ್ರ ಗಾಡಿ ಅಲುಗುವಷ್ಟು ನಕ್ಕರು. ಎರಡು ವರ್ಷ ಮುಚ್ಚಿಟ್ಟ ಮಾತು ಬೀದಿಯಲ್ಲಿ ಉರುಳಿಬಿದ್ದರೂ ಯಾವ ಮನೆಯ ಗೋಡೆಯೂ ಕುಸಿಯಲಿಲ್ಲ.

ದೇವಾಲಯದಲ್ಲಿ ಮುಂದಿನ ಬೆಂಚಿಗೆ ಕರೆದರೆ ದೊಡ್ಡಮ್ಮ ಒಲ್ಲೆ ಎಂದರು. "ನಾನು ಇವಳ ಪಕ್ಕ ಕೂರ್ತೀನಿ," ಎಂದು ಬಾಗಿಲ ಬಳಿಯ ಕೊನೆಯ ಬೆಂಚಿನಲ್ಲಿ, ಬಿಲ್ಲೆ ಇಲ್ಲದವರು ಕೂರುವ ಜಾಗದಲ್ಲಿ ಕೂತರು. ಮೇಜುಬಟ್ಟೆ ಮುಂದೆ ಹಾಲಿನ ಕೆನೆಯ ಹಾಗೆ ಹೊಳೆಯುತ್ತಿತ್ತು. ಇಸ್ತ್ರಿಯಕ್ಕ ಅದನ್ನೇ ನೋಡುತ್ತ ಕೂತಳು. ಅದನ್ನಾದರೂ ನೋಡಲು ಅಪ್ಪಣೆ ಬೇಕಿರಲಿಲ್ಲ.

ಪಾಸ್ಟರು ರೊಟ್ಟಿ ಮುರಿದರು. ಗಡಿಯಾರದ ಹಿರಿಯರು ಒಂದು ಕೈಯಲ್ಲಿ ಬಿಲ್ಲೆಯ ತಟ್ಟೆ, ಇನ್ನೊಂದು ಕೈಯಲ್ಲಿ ರೊಟ್ಟಿ, ಬಟ್ಟಲುಗಳ ಹರಿವಾಣ ಹಿಡಿದು ಬೆಂಚಿನಿಂದ ಬೆಂಚಿಗೆ ಬಂದರು. ಟಣ್, ಟಣ್ ಎಂದು ಬಿಲ್ಲೆ ಬೀಳುವ ಸದ್ದು ಹತ್ತಿರವಾಗುತ್ತ ಬಂತು. ಕೊನೆಯ ಬೆಂಚಿಗೆ ಬಂದಾಗ ಹಿರಿಯರ ಮುಖ ಅರಳಿತ್ತು. ಎರಡು ವರ್ಷದ ಮೇಲೆ ತಾಯಿ ಮೇಜಿಗೆ ಬಂದಿದ್ದಾರೆ.

"ಅಮ್ಮ, ಬಿಲ್ಲೆ."

"ಅವಳ ಜೇಬಿನಲ್ಲಿದೆ."

ಇಸ್ತ್ರಿಯಕ್ಕ ಗಾಬರಿಯಾಗಿ ಜೇಬಿಗೆ ಕೈ ಹಾಕಿದಳು. ಊರವರ ಜೇಬುಗಳನ್ನೆಲ್ಲ ತಡಕಿ ಬಟ್ಟೆ ಒಗೆಯುವವಳು ತನ್ನ ಜೇಬು ನೋಡಿಕೊಂಡಿರಲಿಲ್ಲ. ಹಿತ್ತಾಳೆ ತಣ್ಣಗೆ ಬೆರಳಿಗೆ ತಾಗಿತು. ಗಾಡಿ ಹತ್ತುವಾಗ ದೊಡ್ಡಮ್ಮ ಅವಳನ್ನು ತಬ್ಬಿ ಹಿಡಿದದ್ದು ಆಸರೆಗಲ್ಲ ಎಂದು ಈಗ ತಿಳಿಯಿತು.

"ಅದು ಅಮ್ಮನದು. ಅವರಿಗೆ ಕೊಟ್ಟುಬಿಡು," ಎಂದರು ಹಿರಿಯರು ತಗ್ಗಿದ ದನಿಯಲ್ಲಿ.

ಇಸ್ತ್ರಿಯಕ್ಕ ಕೂಡಲೇ ಕೈ ಚಾಚಿದಳು. ದೊಡ್ಡಮ್ಮ ಆ ಕೈಯನ್ನು ಮುಷ್ಟಿ ಮಾಡಿಸಿ ಮುಚ್ಚಿದರು. "ಕೊಟ್ಟದ್ದು ಕೊಟ್ಟಾಯ್ತು. ನಿನ್ನ ಹತ್ರ ನನ್ನದೊಂದು ಚಾದರ ಇದೆ ಮಗನೇ. ಅದನ್ನ ಮೊದಲು ವಾಪಸ್ ಕೊಡು. ಮೂರರಲ್ಲಿ ಎಷ್ಟು ದಿನ ಅಂತ ದಬ್ಬಲಿ?"

"ಯಾವ ಚಾದರ ಅಮ್ಮ?"

"ಕಪಾಟಿನಲ್ಲಿ ಬೀಗ ಹಾಕಿ ಇಟ್ಟಿದ್ದೀಯಲ್ಲ, ಅದು. ಮೂಲೆ ನೋಡು. ಸುತ್ತು, ಒಳಗೊಂದು ಚುಕ್ಕಿ. ಮೂವತ್ತು ವರ್ಷದಿಂದ ನಿನ್ನ ಅಂಗಿ ಕಾಲರಿನ ಒಳಗೂ ಅದೇ ಇದೆ." ದೊಡ್ಡಮ್ಮನ ದನಿ ಭಾನುವಾರದ ಶಾಲೆಯ ದನಿಯಾಗಿತ್ತು. ಮುಂದಿನ ಬೆಂಚಿನವರೆಗೂ ಕೇಳಿಸಿತು. "ಎರಡು ವರ್ಷದಿಂದ ನಿನ್ನ ತಾಯಿ ಹಾಸಿಗೆ ಒದ್ದೆ ಮಾಡ್ಕೊಳ್ತಾಳೆ. ಒಗೆಯೋಳು ಇವಳು. ನಿನಗೆ ಹೇಳಬೇಡ ಅಂದವಳು ನಾನು. ಬಿಲ್ಲೆ ಕಿತ್ತುಕೊಂಡರೂ ಇವಳು ಬಾಯಿ ಬಿಡಲಿಲ್ಲ."

ಹಿರಿಯರು ಬಿಲ್ಲೆಯ ತಟ್ಟೆಯನ್ನು ಬೆಂಚಿನ ಮೇಲಿಟ್ಟರು; ಆ ಕೈ ತಂತಾನೇ ಕುತ್ತಿಗೆಯ ಹಿಂದೆ ಹೋಗಿ ಕಾಲರನ್ನು ತಿರುವಿತು. ಪಕ್ಕದ ಬೆಂಚಿನಿಂದ ಬೇಕರಿಯ ಹಿರಿಯರು ಬಗ್ಗಿ ನೋಡಿ, "ಸುತ್ತು ಇದೆ. ಚುಕ್ಕಿನೂ ಇದೆ," ಎಂದು ಸಾಕ್ಷಿ ಹೇಳಿದರು. ಎಲ್ಲೋ ಒಬ್ಬ ಹೆಂಗಸು ಕಿಸಕ್ಕೆಂದಳು. ಆ ನಗು ಬೆಂಚಿನಿಂದ ಬೆಂಚಿಗೆ ಹರಿಯಿತು. ಮುಂದೆ ಪಾಸ್ಟರು ಬಟ್ಟಲು ಹಿಡಿದುಕೊಂಡೇ ತಲೆ ತಗ್ಗಿಸಿದರು. ಪ್ರಾರ್ಥನೆಯೋ ನಗುವೋ, ಭುಜ ಅಲುಗುತ್ತಿತ್ತು. ಎತ್ತು ಬಾವಿಯಿಂದ ಅರ್ಧ ಮೇಲೆ ಬಂದಿತ್ತು.

"ಇವನಿಗೆ ಹತ್ತು ಬೆರಳೂ ಬಾಯಿಪಾಠ," ಎಂದು ದೊಡ್ಡಮ್ಮ ಇಸ್ತ್ರಿಯಕ್ಕನ ಕಡೆ ತಿರುಗಿದರು. "ಅಂಗೈ ಪಾಠದ ದಿನ ಮಾತ್ರ ಮಂಗನಬಾವು ಬಂದು ಮನೆಯಲ್ಲಿ ಮಲಗಿದ್ದ. ಇನ್ನೊಂದು ಸಲ ಹೇಳಿಕೊಡಬೇಕಿತ್ತು. ತಪ್ಪು ನನ್ನದೂ ಇದೆ."

ಗಡಿಯಾರದ ಹಿರಿಯರ ಮುಖ ಮೊದಲು ಕೆಂಪಾಗಿ, ಆಮೇಲೆ ಮೇಜುಬಟ್ಟೆಯ ಬಣ್ಣಕ್ಕೆ ತಿರುಗಿತು. ಅವರ ಕಣ್ಣು ತಾಯಿಯ ಮಂಡಿಯ ಮೇಲಿತ್ತು, ಕೆಳಗಿನ ಟವೆಲಿನ ಮೇಲಿತ್ತು, ಕೊನೆಗೆ ಇಸ್ತ್ರಿಯಕ್ಕನ ಬಿರಿದ ಬೆರಳುಗಳ ಮೇಲೆ ನಿಂತಿತು. ಭೂತಗನ್ನಡಿ ಇಲ್ಲದೆ ಅಷ್ಟು ಹೊತ್ತು ಅವರು ಏನನ್ನೂ ನೋಡಿದ್ದಿಲ್ಲ. ಆದರೆ ಐವರು ಹಿರಿಯರ ತೀರ್ಮಾನ ಪುಸ್ತಕದಲ್ಲಿತ್ತು, ಸಹಿ ಬೀಳದ ಕಾಗದ ಇಸ್ತ್ರಿ ಮೇಜಿನ ಕಾಲಡಿಯಲ್ಲಿತ್ತು, ಸಭೆಯೆಲ್ಲ ಕತ್ತು ತಿರುಗಿಸಿ ಕೂತಿತ್ತು. ಅವರು ಹರಿವಾಣವನ್ನು ತಾಯಿಯ ಮುಂದೆ ಚಾಚಿದರು.

"ಮಿಕ್ಕಿದ್ದು ಮನೆಯಲ್ಲಿ ಮಾತಾಡೋಣ. ನಿಮಗೆ ಬಿಲ್ಲೆ ಬೇಡಮ್ಮ. ತಗೊಳ್ಳಿ."

"ಬಿಲ್ಲೆ ಇಲ್ಲದವರಿಗೆ ಇಲ್ಲ ಅಂತ ಕಾನೂನು."

"ಪರವಾಗಿಲ್ಲ, ತಗೊಳ್ಳಿ ಅಂದೆನಲ್ಲ."

"ನನಗೆ ಪರವಾಗಿಲ್ಲ, ಇವಳಿಗೆ ಮಾತ್ರ ಕಾನೂನಾ?"

"ಅಮ್ಮ, ಎಲ್ಲರೂ ಕಾಯ್ತಿದ್ದಾರೆ. ಎರಡು ವರ್ಷ ಆಯ್ತು ನೀವು ಇದನ್ನ ಮುಟ್ಟಿ. ದಮ್ಮಯ್ಯ, ತಗೊಳ್ಳಿ."

ಇಸ್ತ್ರಿಯಕ್ಕನೂ ಮೆಲ್ಲಗೆ ಮೊಣಕೈಯಿಂದ ತಿವಿದಳು. "ತಗೊಳ್ಳಿ ದೊಡ್ಡಮ್ಮ. ನಂದೇನಿಲ್ಲ."

ದೊಡ್ಡಮ್ಮ ಬಟ್ಟಲನ್ನು ನೋಡಿದರು. ಬಾಯಲ್ಲಿ ನೀರು ಬಂದದ್ದು ಪಕ್ಕದಲ್ಲಿದ್ದವಳಿಗೆ ತಿಳಿಯಿತು. ಆಮೇಲೆ ಎರಡೂ ಕೈಗಳ ಹತ್ತೂ ಬೆರಳುಗಳಿಂದ ಇಸ್ತ್ರಿಯಕ್ಕನ ಮುಷ್ಟಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡು, ಕಹಿ ಔಷಧಿ ಕಂಡ ಮಗುವಿನ ಹಾಗೆ ಮುಖವನ್ನು ಗೋಡೆಯ ಕಡೆ ತಿರುಗಿಸಿದರು.

"ಮೊದಲು ಅವಳಿಗೆ. ಅಲ್ಲಿವರೆಗೆ ನನಗೆ ಬೇಡ."